ದಡದಿಂದ ಎಷ್ಟು ಕಡಲು ಕಾಣುತ್ತದೆ?

2011ರ ಜುಲೈ 31, ಭಾನುವಾರ. ಮುಂಬಯಿಯ ಜುಹು ಕಡಲ ತೀರಕ್ಕೆ ಒಂದು ಹಡಗು ಬಂದು ಮರಳಲ್ಲಿ ಹೂತುಕೊಂಡಿತು. ಹೆಸರು ಎಂ.ಟಿ. ಪವಿತ್. ಒಳಗೆ ನರಪಿಳ್ಳೆಯೂ ಇರಲಿಲ್ಲ. ಒಂದು ತಿಂಗಳ ಹಿಂದೆ ಒಮಾನ್ ಕಡೆ ಅದು ಕೆಟ್ಟು ನಿಂತಿತ್ತು. ಸಿಬ್ಬಂದಿಯನ್ನು ಬ್ರಿಟನ್ನಿನ ಯುದ್ಧನೌಕೆಯೊಂದು ಕಾಪಾಡಿತ್ತು. ಹಡಗು ಮಾತ್ರ ಅಲ್ಲೇ ಉಳಿಯಿತು. ಮುಳುಗದೆ, ಮಳೆಗಾಲದ ಗಾಳಿ ದೂಡಿದಂತೆ ತೇಲುತ್ತಾ ಅರಬ್ಬೀ ಸಮುದ್ರ ದಾಟಿಬಿಟ್ಟಿತು.

26/11ರ ದಾಳಿ ಆಗಿ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಅದೇ ಮುಂಬಯಿಗೆ ಇಷ್ಟು ದೊಡ್ಡ ಕಬ್ಬಿಣದ ಹಡಗು ಯಾರ ಕಣ್ಣಿಗೂ ಬೀಳದೆ ಬಂತು ಅಂದರೆ ಜನ ಸುಮ್ನೆ ಇರುತ್ತಾರಾ? ಕಾವಲಿಗೆ ಮೂರು ಸುತ್ತು ಇದೆ ಅಂತ ಆಗಲೇ ಹೇಳಲಾಗಿತ್ತು. ದಡದ ಹತ್ತಿರ ರಾಜ್ಯದ ಕರಾವಳಿ ಪೊಲೀಸರು, ಆಮೇಲೆ ಕೋಸ್ಟ್ ಗಾರ್ಡ್, ಅದರಾಚೆ ನೌಕಾಪಡೆ.

ಬೈಯುವುದು ಸುಲಭ. ಆದರೆ ಕಡಲನ್ನು ನೋಡುವುದು ಎಷ್ಟು ಕಷ್ಟ ಅಂತ ಸ್ವಲ್ಪ ಲೆಕ್ಕ ಹಾಕೋಣ. ಲೈಟ್‌ಹೌಸಿನ ಮೇಲೆ, ನೀರಿನಿಂದ 40 ಮೀಟರ್ ಎತ್ತರದಲ್ಲಿ ಒಂದು ರಾಡಾರ್ (ರೇಡಿಯೋ ಅಲೆ ಕಳಿಸಿ, ವಸ್ತುವಿಗೆ ತಾಗಿ ಮರಳಿದ್ದನ್ನು ಹಿಡಿಯುವ ಯಂತ್ರ) ಇಟ್ಟಿದ್ದೇವೆ ಅಂದುಕೊಳ್ಳಿ. ರಾಡಾರಿನ ಅಲೆ ಬಹುಮಟ್ಟಿಗೆ ನೇರವಾಗಿ ಹೋಗುತ್ತದೆ, ಭೂಮಿ ಮಾತ್ರ ಬಾಗಿಕೊಳ್ಳುತ್ತದೆ. ಹಾಗಾಗಿ ನೀರಿನ ಮಟ್ಟದಲ್ಲಿರುವ ವಸ್ತು ಸುಮಾರು 26 ಕಿ.ಮೀ. ದಾಟಿದರೆ ಮರೆಯಾಗುತ್ತದೆ. ಎತ್ತರದ ಹಡಗಾದರೆ ಇನ್ನಷ್ಟು ದೂರ ಕಂಡೀತು. ಮೀನು, ಖನಿಜಗಳ ಮೇಲೆ ನಮ್ಮ ದೇಶಕ್ಕೇ ಹಕ್ಕಿರುವ ಕಡಲ ಭಾಗ, ಅಂದರೆ ಅನನ್ಯ ಆರ್ಥಿಕ ವಲಯ ಇರುವುದು 200 ನಾಟಿಕಲ್ ಮೈಲು, ಅಂದರೆ 370 ಕಿ.ಮೀ. ದೂರದವರೆಗೆ. ಹತ್ತಿರದಲ್ಲೂ ತೊಂದರೆ ತಪ್ಪಿದ್ದಲ್ಲ. ಮಳೆಗಾಲದಲ್ಲಿ ಎದ್ದ ಕಡಲ ಅಲೆಗಳೇ ರಾಡಾರಿಗೆ ಉತ್ತರ ಕೊಡುತ್ತವೆ, ಪರದೆ ತುಂಬಾ ಚುಕ್ಕಿ. ಮರದ ಬೋಟು, ಫೈಬರ್ ದೋಣಿ ಕಬ್ಬಿಣದ ಹಾಗೆ ರಾಡಾರಿನ ಅಲೆಯನ್ನು ಚೆನ್ನಾಗಿ ಹಿಂದಕ್ಕೆ ಕಳಿಸುವುದಿಲ್ಲ. ಕಡಲ ಅಲೆಗಳ ಗದ್ದಲದಲ್ಲಿ ಅವು ಕಳೆದುಹೋಗುತ್ತವೆ.

ಸರಿ, ಕಂಡಿತು ಅಂತಲೇ ಇಟ್ಟುಕೊಳ್ಳಿ. ಅದು ಯಾರದು?

ನನಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ ಅನಿಸುತ್ತದೆ. 2008ರಲ್ಲಿ ಹತ್ತು ಮಂದಿ ಉಗ್ರರು ಬಂದದ್ದು ಕದ್ದುಮುಚ್ಚಿ ಬರುವ ವಿಚಿತ್ರ ನೌಕೆಯಲ್ಲಲ್ಲ. ಗುಜರಾತಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ಕಡಲಲ್ಲೇ ವಶಪಡಿಸಿಕೊಂಡು, ಅದರಲ್ಲಿದ್ದವರನ್ನು ಕೊಂದು, ಅದರಲ್ಲೇ ಮುಂಬಯಿಯ ಹತ್ತಿರ ಬಂದರು. ಅಲ್ಲಿಂದ ರಬ್ಬರ್ ದೋಣಿಯಲ್ಲಿ ಕೊಲಾಬಾ ಕಡೆಯ ಮೀನುಗಾರರ ಕೇರಿಗೆ ಇಳಿದರು. ಮೀನುಗಾರಿಕೆ ಜೋರಾಗಿರುವ ಕಾಲದಲ್ಲಿ ಮಲ್ಪೆ ಬಂದರಿಗೆ ಹೋದವರಿಗೆ ಗೊತ್ತು, ದಕ್ಕೆಯಲ್ಲಿ ಬೋಟಿಗೆ ಬೋಟು ತಾಗಿಕೊಂಡು ನಿಂತಿರುತ್ತವೆ. ಅವೆಲ್ಲ ಹೊರಟಾಗ ಕುಬೇರ್‌ನಂಥ ಇನ್ನೊಂದು ಬೋಟು ಮಧ್ಯೆ ಸೇರಿದರೆ ಪರದೆಯಲ್ಲಿ ಅದೂ ಒಂದು ಚುಕ್ಕಿ, ಅಷ್ಟೇ.

ದೊಡ್ಡ ಹಡಗುಗಳದ್ದು ಇಷ್ಟು ಗೋಳಿಲ್ಲ. ಬೇರೆ ದೇಶಗಳಿಗೆ ಓಡಾಡುವ 300 ಟನ್ ಮತ್ತು ಮೇಲಿನ ಹಡಗುಗಳು ಎಐಎಸ್ ಎಂಬ ಯಂತ್ರ ಇಟ್ಟುಕೊಳ್ಳಲೇಬೇಕು. ಹೆಸರು, ಜಾಗ, ವೇಗ, ಹೋಗುವ ದಿಕ್ಕು ಎಲ್ಲವನ್ನೂ ಅದು ರೇಡಿಯೋದಲ್ಲಿ ಕೂಗಿ ಹೇಳುತ್ತಿರುತ್ತದೆ. ಓಡುವಾಗ ಕೆಲವೇ ಸೆಕೆಂಡಿಗೊಮ್ಮೆ, ಲಂಗರು ಹಾಕಿದಾಗ ಮೂರು ನಿಮಿಷಕ್ಕೊಮ್ಮೆ. 26/11 ಆದಮೇಲೆ ನಮ್ಮಲ್ಲಿ 20 ಮೀಟರಿಗಿಂತ ಉದ್ದದ ಬೋಟುಗಳಿಗೂ ಇದು ಬೇಕು ಅಂತಾಯಿತು. ಆದರೆ ಎಐಎಸ್ ಹೇಳುವುದು ಹಡಗಿನವನು ಹೇಳಿಸಿದ್ದನ್ನು. ಸ್ವಿಚ್ ಆರಿಸಿದರೆ ಸುದ್ದಿಯೇ ಇಲ್ಲ.

ಸರ್ಕಾರದ ವ್ಯವಸ್ಥೆಯನ್ನು ನೋಡಿದರೆ ಅದೂ ಒಂದು ಕಡಲೇ. ಬೋಟಿನ ನೋಂದಣಿ ಮೀನುಗಾರಿಕೆ ಇಲಾಖೆಯದು, ಸರಕು ಕಸ್ಟಮ್ಸ್‌ನವರದು, ಲೈಟ್‌ಹೌಸ್ ಇನ್ನೊಂದು ಇಲಾಖೆಯದು, ಬಂದರು ಮತ್ತೊಬ್ಬರದು. ಒಬ್ಬರ ಹತ್ತಿರ ಇರುವ ಮಾಹಿತಿ ಇನ್ನೊಬ್ಬರಿಗೆ ಸಿಗಬೇಕಲ್ವಾ? 2009ರಲ್ಲಿ ಒಟ್ಟಾರೆ ಹೊಣೆಯನ್ನು ನೌಕಾಪಡೆಗೆ ಕೊಟ್ಟರು. ಲೈಟ್‌ಹೌಸ್‌ಗಳನ್ನೂ ಬಳಸಿಕೊಂಡು ಕರಾವಳಿ ಉದ್ದಕ್ಕೂ, ದ್ವೀಪಗಳಲ್ಲೂ ಮೊದಲ ಹಂತದಲ್ಲಿ 46 ಕಡೆ ರಾಡಾರ್, ಕ್ಯಾಮೆರಾ ಕೂರಿಸಿದರು. ನೌಕಾಪಡೆ ಮತ್ತು ಕೋಸ್ಟ್ ಗಾರ್ಡ್‌ನ 51 ಠಾಣೆಗಳು 2014ರಿಂದ ಒಂದೇ ಜಾಲದಲ್ಲಿವೆ. ಎಲ್ಲ ಚುಕ್ಕಿಗಳೂ ಬಂದು ಸೇರುವ ಕೇಂದ್ರ ಇರುವುದು ಎಲ್ಲಿ ಗೊತ್ತಾ? ಸಮುದ್ರದ ಗಾಳಿಯೇ ಸುಳಿಯದ ಗುರುಗ್ರಾಮದಲ್ಲಿ! ಇಲಾಖೆಗಳ ನಡುವೆ ಹೊಂದಾಣಿಕೆ ನೋಡಿಕೊಳ್ಳಲೆಂದೇ ಒಬ್ಬ ರಾಷ್ಟ್ರೀಯ ಸಂಯೋಜಕರು ಬಂದದ್ದು ಮಾತ್ರ 2022ರಲ್ಲಿ. ತಡವಾಯಿತು ಅಂತಲೇ ನನ್ನ ಅಭಿಪ್ರಾಯ.

ಕರ್ನಾಟಕದ ಪಾಲಿಗೆ ಕರಾವಳಿ ಕಾವಲು ಪೊಲೀಸ್ ಇದೆ. ಮಂಗಳೂರಿನಿಂದ ಕಾರವಾರದವರೆಗೆ ಒಂಬತ್ತು ಠಾಣೆ, ಮುಖ್ಯ ಕಚೇರಿ ಮಲ್ಪೆಯಲ್ಲಿ.

ಬೋಟುಗಳ ಮೇಲೆ ಕಣ್ಣಿಡುವುದು ಬರೀ ಉಗ್ರರನ್ನು ಹಿಡಿಯುವುದಕ್ಕಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಆಳಸಮುದ್ರಕ್ಕೆ ಹೋದ ‘ಸುವರ್ಣ ತ್ರಿಭುಜ’ ಬೋಟು ಏಳು ಮಂದಿಯೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡೆ ನೀರಿನಡಿ ಇದೆ ಅಂತ ನೌಕಾಪಡೆಗೆ ಪತ್ತೆಯಾಗುವಷ್ಟರಲ್ಲಿ ಮೇ ತಿಂಗಳು ಬಂದಿತ್ತು. ಮನೆಯವರು ಕಾಯುತ್ತಾ ಕೂತದ್ದು ನಾಲ್ಕೂವರೆ ತಿಂಗಳು.

ಈಗ ಬಂದಿರುವುದು ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರ್, ಅಂದರೆ ಬೋಟು ಮತ್ತು ದಡದ ನಡುವೆ ಸಂದೇಶ ಸಾಗಿಸುವ ಯಂತ್ರ. ಒಂದು ಲಕ್ಷ ಬೋಟುಗಳಿಗೆ ಕೊಡುವ 364 ಕೋಟಿ ರೂಪಾಯಿಯ ಯೋಜನೆ 2024ರ ಆಗಸ್ಟ್‌ನಲ್ಲಿ ಶುರುವಾಯಿತು. ಮಾತು ಉಪಗ್ರಹದ ಮೂಲಕ ಹೋಗುವುದರಿಂದ ಭೂಮಿಯ ಬಾಗು ಇದಕ್ಕೆ ಅಡ್ಡ ಬರುವುದಿಲ್ಲ. ಬೋಟಿನವರು ಅಪಾಯ ಅಂತ ತಿಳಿಸಬಹುದು, ದಡದಿಂದ ಗಾಳಿಮಳೆಯ ಎಚ್ಚರಿಕೆ ಬರಬಹುದು.

ಆದರೆ ಒಳ್ಳೆ ಮೀನು ಸಿಕ್ಕ ಜಾಗವನ್ನು ಯಾವ ಮೀನುಗಾರ ತಾನೇ ಊರಿಗೆಲ್ಲ ಹೇಳುತ್ತಾನೆ? ಎಐಎಸ್ ಹಾಕಿಕೊಂಡರೆ ಪಕ್ಕದ ಬೋಟಿನವನಿಗೂ ಆ ಜಾಗ ಗೊತ್ತಾಗುತ್ತದೆ. ಬಲೆ ತುಂಬುವ ಹೊತ್ತಿಗೆ ಸ್ವಿಚ್ ಆರಿಸುವ ಆಸೆ ಹುಟ್ಟುವುದು ಇದರಿಂದಲೇ. ಹೊಸ ಯಂತ್ರದ ಸುದ್ದಿ ಪಕ್ಕದ ಬೋಟಿಗೆ ಹೋಗುವುದಿಲ್ಲ, ನೇರ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತದೆ. ಅಷ್ಟು ಗುಟ್ಟು ಉಳಿದರೆ ಬೋಟಿನವರು ಅದನ್ನು ಆನ್ ಮಾಡಿಯೇ ಇಟ್ಟಾರು.