ಹೆಸರು ಅದೇ, ಒಳಗಿನ ಕೋಡ್ ಬೇರೆ: ಎಪಿಐ ಯಾರ ಸ್ವತ್ತು?

ಹಾಸನದ ಒಂದು ಕಾಫಿ ಗೋಡೌನ್‌ನಲ್ಲಿ ತೂಕದ ಯಂತ್ರ ಬದಲಾಯಿಸಿದರು. ಮೂಟೆ ಇಟ್ಟ ಕೂಡಲೇ ತೂಕ ಸೀದಾ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಹೋಗಬೇಕು. ಹೊಸ ಯಂತ್ರಕ್ಕೆ ಹಳೆಯ ಪ್ರೋಗ್ರಾಮ್ ಹೊಂದಲಿಲ್ಲ. ನಾನು ಒಳಗಿನ ಕೋಡ್ ಪೂರ್ತಿ ಹೊಸದಾಗಿ ಬರೆದೆ. ಆದರೆ 'ಗೆಟ್‌ವೇಟ್' ಅನ್ನೋ ಹೆಸರು, ಅದನ್ನು ಕರೆಯುವ ರೀತಿ, ಅದು ವಾಪಸ್ ಕೊಡುವ ಲೆಕ್ಕ, ಇಷ್ಟನ್ನು ಹಾಗೇ ಉಳಿಸಿಕೊಂಡೆ. ಬಿಲ್ಲಿಂಗ್ ಕಡೆ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ರೈಟರ್ ಎಂದಿನಂತೆ ಬಿಲ್ ಹರಿದು ಕೊಟ್ಟರು.

ಹಾಗೆ ಉಳಿಸಿಕೊಂಡೆನಲ್ಲ, ಒಂದು ಪ್ರೋಗ್ರಾಮ್ ಇನ್ನೊಂದನ್ನು ಕರೆಯುವ ಆ ಹೆಸರು-ರೀತಿಗಳೇ ಎಪಿಐ. ಅದಕ್ಕೆ ಕಾಪಿರೈಟ್ ಉಂಟೇ ಅನ್ನೋ ಜಗಳ ಹಳೆಯದು. ಲೆಕ್ಕದ ಹಾಳೆಯ (ಸ್ಪ್ರೆಡ್‌ಶೀಟ್) ಸಾಫ್ಟ್‌ವೇರ್ ಲೋಟಸ್ 1-2-3ರ ಮೆನುವನ್ನು ಎದುರಾಳಿ ಕಂಪನಿ ಬೋರ್ಲ್ಯಾಂಡ್ ಬಳಸಿದ್ದು ಸರಿಯೇ ಎಂಬ ಕೇಸಿನಲ್ಲಿ 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 4-4 ಆಗಿ ಒಡೆಯಿತು. ಕೆಳಗಿನ ಕೋರ್ಟಿನಲ್ಲಿ ಗೆದ್ದಿದ್ದ ಬೋರ್ಲ್ಯಾಂಡ್ ಉಳಿಯಿತು, ಪ್ರಶ್ನೆಯೂ ಉಳಿಯಿತು.

ದೊಡ್ಡ ಕೇಸ್ ಜಾವಾದ್ದು. ಸನ್ ಕಂಪನಿ 1995ರಲ್ಲಿ ತಂದ ಭಾಷೆ ಅದು. ಆಂಡ್ರಾಯ್ಡ್ ಕಟ್ಟುವಾಗ ಗೂಗಲ್ ಒಳಗಿನ ಕೋಡ್ ತಾನೇ ಬರೆಯಿತು. ಜಾವಾ ಪ್ರೋಗ್ರಾಮರ್‌ಗಳಿಗೆ ಕಲಿತದ್ದೇ ಕೆಲಸಕ್ಕೆ ಬರಲಿ ಅಂತ ಜಾವಾದ 37 ಪ್ಯಾಕೇಜ್‌ಗಳ (ಸಿದ್ಧ ಕೋಡಿನ ಗುಂಪುಗಳ) ಘೋಷಣೆಯ ಸಾಲುಗಳನ್ನು, ಅಂದರೆ ಹೆಸರು ಮತ್ತು ಕರೆಯುವ ರೀತಿ ಹೇಳುವ ಸುಮಾರು 11,500 ಸಾಲುಗಳನ್ನು, ಇದ್ದ ಹಾಗೇ ತೆಗೆದುಕೊಂಡಿತು. 2010ರಲ್ಲಿ ಸನ್ ಅನ್ನು ಕೊಂಡ ಒರಾಕಲ್ ಅದೇ ವರ್ಷ ಕೇಸ್ ಹಾಕಿತು.

ನ್ಯಾಯಾಧೀಶ ವಿಲಿಯಂ ಅಲ್ಸಪ್ ಸ್ವತಃ ಪ್ರೋಗ್ರಾಮಿಂಗ್ ಬಲ್ಲವರು. ಸಂಖ್ಯೆ ಮಿತಿಯೊಳಗಿದೆಯೇ ಅಂತ ನೋಡುವ ಒಂಬತ್ತು ಸಾಲಿನ 'ರೇಂಜ್‌ಚೆಕ್' ಕೋಡಿನ ಬಗ್ಗೆ ವಾದ ನಡೆದಾಗ, ಅಂಥದ್ದನ್ನು ತಾವೇ ಎಷ್ಟೋ ಸಲ ಬರೆದಿದ್ದೇನೆ ಅಂದರು. ಕೋಡ್ ಗೊತ್ತಿದ್ದವರು ಕೇಳಿದರೆ ಎಷ್ಟು ವ್ಯತ್ಯಾಸ ಅಲ್ವಾ! 2012ರಲ್ಲಿ ಅವರು ಈ ಎಪಿಐಗಳಿಗೆ ಕಾಪಿರೈಟ್ ಇಲ್ಲ ಅಂತ ತೀರ್ಪು ಕೊಟ್ಟರು. 2014ರಲ್ಲಿ ಮೇಲ್ಮನವಿ ಕೋರ್ಟ್ ಇದೆ ಅಂದಿತು. 2016ರಲ್ಲಿ ಜ್ಯೂರಿ ಇದು ನ್ಯಾಯಯುತ ಬಳಕೆ (ಕಾಪಿರೈಟ್ ಇದ್ದರೂ ಅನುಮತಿ ಬೇಡದ ಬಳಕೆ) ಅಂದರೆ, 2018ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನೂ ತಿರುಗಿಸಿತು.

ಕೊನೆಗೆ 2021ರ ಏಪ್ರಿಲ್ 5ರಂದು ಅಮೆರಿಕದ ಸುಪ್ರೀಂ ಕೋರ್ಟ್ ಇದು ನ್ಯಾಯಯುತ ಬಳಕೆಯೇ ಅಂತ 6-2ರಲ್ಲಿ ಗೂಗಲ್ ಪರ ನಿಂತಿತು. ತೆಗೆದುಕೊಂಡದ್ದು ಜಾವಾ ಎಪಿಐನ 28.6 ಲಕ್ಷ ಸಾಲುಗಳಲ್ಲಿ ಶೇ 0.4 ಮಾತ್ರ, ಅದೂ ಹೊಸದೊಂದನ್ನು ಕಟ್ಟಲು ಬೇಕಾದಷ್ಟೇ ಅಂತ ನ್ಯಾಯಮೂರ್ತಿ ಬ್ರೇಯರ್ ಬರೆದರು. ಎಪಿಐಗೆ ಕಾಪಿರೈಟ್ ಇದೆಯೋ ಇಲ್ಲವೋ ಅನ್ನೋದನ್ನು ಮಾತ್ರ ಅವರು ಇತ್ಯರ್ಥ ಮಾಡಲಿಲ್ಲ. ವಾದಕ್ಕಾಗಿ ಇದೆ ಅಂದುಕೊಂಡು ಮುಂದೆ ಹೋದರು. ನನಗೆ ಇವತ್ತಿಗೂ ಕಳವಳ ತರುವುದು ಇದೇ. ಏಕೆಂದರೆ ಹಳೆಯ ಆಪರೇಟಿಂಗ್ ಸಿಸ್ಟಮ್ ಯುನಿಕ್ಸ್‌ನ ಕರೆಗಳನ್ನು ಉಳಿಸಿಕೊಂಡು ಒಳಗಿನ ಕೋಡ್ ಹೊಸದಾಗಿ ಬರೆದೇ ಲಿನಕ್ಸ್ ಹುಟ್ಟಿದ್ದು. ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಕೂಡ ಹಾಗೇ ಬೆಳೆದದ್ದು.

ನಮ್ಮ 1957ರ ಕಾಪಿರೈಟ್ ಕಾಯ್ದೆಗೆ 1984ರಲ್ಲಿ ತಿದ್ದುಪಡಿ ಬಂದು ಪ್ರೋಗ್ರಾಮ್‌ಗಳೂ ಸಾಹಿತ್ಯ ಕೃತಿಗಳ ಸಾಲಿಗೆ ಸೇರಿದವು. ಆದರೆ 52ನೇ ಸೆಕ್ಷನ್‌ನಲ್ಲಿ ಒಂದು ಒಳ್ಳೆಯ ವಿನಾಯಿತಿ ಇದೆ. ಪ್ರೋಗ್ರಾಮ್ ನ್ಯಾಯವಾಗಿ ನಮ್ಮ ಕೈಲಿದ್ದು, ಬೇರೆಲ್ಲೂ ಸುಲಭಕ್ಕೆ ಮಾಹಿತಿ ಸಿಗದಿದ್ದರೆ, ನಾವೇ ಬರೆದ ಇನ್ನೊಂದನ್ನು ಅದರ ಜೊತೆ ಹೊಂದಿಸಲು ಬೇಕಾದ್ದನ್ನು ಪರೀಕ್ಷಿಸಿ ತಿಳಿಯಬಹುದು.

ನಮ್ಮ ಗೋಡೌನ್‌ನ ಹಳೆಯ ಪ್ರೋಗ್ರಾಮ್ ಬರೆದವರು ಸಿಗಲೇ ಇಲ್ಲ. 'ಗೆಟ್‌ವೇಟ್' ಕೊಡುವುದು ಕೆಜಿಯೋ ಗ್ರಾಮೋ ಅಂತ ನೋಡಲು 50 ಕೆಜಿಯ ಮೂಟೆಯೊಂದನ್ನು ಹಳೆಯ ಯಂತ್ರದ ಮೇಲಿಟ್ಟೆ. ಪರದೆಯಲ್ಲಿ ಬಂದದ್ದು 50000.