ಬೀದಿ ದೀಪದ ಖರ್ಚು ಯಾರ ಹೆಗಲಿಗೆ?

ಬೀದಿ ದೀಪ ಉರಿಯುತ್ತಿರುವಷ್ಟು ದಿನ ಅದರ ಖರ್ಚಿನ ಬಗ್ಗೆ ಯಾರೂ ಕೇಳುವುದಿಲ್ಲ. ಕೆಟ್ಟುಹೋದ ಮೇಲೆ ಕೇಳಲು ಹೋದರೆ ಉತ್ತರ ಹೇಳುವವರು ಸಿಗುವುದಿಲ್ಲ. ಕಂಬ ವಿದ್ಯುತ್ ಕಂಪನಿಯದು, ದೀಪ ಸ್ಥಳೀಯ ಸಂಸ್ಥೆಯದು, ರಿಪೇರಿ ಗುತ್ತಿಗೆದಾರನದು, ಅನುದಾನ ಮೇಲಿನ ಸರ್ಕಾರದ್ದು. ಈ ಸಿಕ್ಕು ನಿನ್ನೆ ಮೊನ್ನೆ ಬಿದ್ದದ್ದಲ್ಲ. ರಸ್ತೆಗೆ ಬೆಳಕು ಬೇಕು ಎಂಬುದರಲ್ಲಿ ಊರಿಗೆ ಊರೇ ಒಪ್ಪಿದರೂ ದುಡ್ಡು ಯಾರು ಕೊಡಬೇಕು ಎಂಬಲ್ಲಿ ಮಾತು ಮುರಿದು ಬೀಳುವುದು ಆರು ನೂರು ವರ್ಷಗಳಿಂದ ನಡೆದುಬಂದಿದೆ.

ಇದಕ್ಕೆ ಕಾರಣ ಬೆಳಕಿನ ಗುಣದಲ್ಲೇ ಇದೆ. ನೀರಿಗೆ ನಲ್ಲಿ ಹಾಕಬಹುದು, ಬಸ್ಸಿಗೆ ಟಿಕೆಟ್ ಕೊಡಬಹುದು. ಕಂಬದ ಕೆಳಗೆ ಹಾದುಹೋಗುವವರಲ್ಲಿ ತೆರಿಗೆ ಕಟ್ಟಿದವರಿಗೆ ಬೆಳಕು, ಕಟ್ಟದವರಿಗೆ ಕತ್ತಲೆ ಎಂದು ವಿಂಗಡಿಸಲು ಬರುವುದಿಲ್ಲ. ಹಾಗಾಗಿ ಒಬ್ಬೊಬ್ಬರಿಂದ ಶುಲ್ಕ ವಸೂಲಿ ಮಾಡಿ ದೀಪ ನಡೆಸುವ ಏರ್ಪಾಡು ಎಲ್ಲಿಯೂ ಹೆಚ್ಚು ಕಾಲ ನಿಂತಿಲ್ಲ. ಒಂದೋ ಎಲ್ಲರಿಂದಲೂ ಕರ ಎತ್ತಬೇಕು, ಇಲ್ಲವೇ ಕತ್ತಲೆಯಲ್ಲಿ ಇರಬೇಕು.

ಮೊದಮೊದಲು ಆಡಳಿತಗಳು ಈ ಭಾರವನ್ನು ಮನೆಮಾಲೀಕರ ಮೇಲೆ ಹೊರಿಸಿ ಕೈತೊಳೆದುಕೊಂಡವು. 1417ರಲ್ಲಿ ಲಂಡನ್ನಿನ ಮೇಯರ್ ಹೆನ್ರಿ ಬಾರ್ಟನ್ ಚಳಿಗಾಲದ ಸಂಜೆಗಳಲ್ಲಿ ಪ್ರತಿ ಮನೆಯವರೂ ಬಾಗಿಲ ಹೊರಗೆ ಲಾಂದ್ರ ತೂಗುಹಾಕಬೇಕೆಂದು ಆಜ್ಞೆ ಹೊರಡಿಸಿದನೆಂದು ಆ ನಗರದ ಹಳೆಯ ಚರಿತ್ರೆಗಳು ಹೇಳುತ್ತವೆ. ಮೇಣದಬತ್ತಿಯ ಖರ್ಚು ಮನೆಯವರದೇ. ಉಳ್ಳವರ ಬಾಗಿಲಲ್ಲಿ ದೀಪ ಉರಿಯಿತು; ಒಂದು ಬತ್ತಿ ಕೊಳ್ಳುವುದೂ ಕಷ್ಟವಾಗಿದ್ದವರ ಗಲ್ಲಿಗಳಿಗೆ ಆಜ್ಞೆಯಿಂದ ಬೆಳಕು ಬರುವಂತಿರಲಿಲ್ಲ.

ನಿಜವಾದ ತಿರುವು ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಬಂತು. 1667ರಲ್ಲಿ ಹದಿನಾಲ್ಕನೆಯ ಲೂಯಿಯ ಆಡಳಿತ ಪ್ಯಾರಿಸ್ಸಿನ ಬೀದಿಗಳಲ್ಲಿ ಅಡ್ಡಲಾಗಿ ಹಗ್ಗ ಕಟ್ಟಿ ಗಾಜಿನ ಲಾಂದ್ರಗಳನ್ನು ತೂಗಿಬಿಟ್ಟಿತು. ಅದರ ಹೊಣೆ ಹೊಸದಾಗಿ ನೇಮಕವಾಗಿದ್ದ ಪೊಲೀಸ್ ಮುಖ್ಯಸ್ಥ ಲಾ ರೆನಿಯದು. ಖರ್ಚಿಗೆಂದು ‘ಕೆಸರು ಮತ್ತು ಲಾಂದ್ರ’ದ ಹೆಸರಿನಲ್ಲೇ ಮನೆಮಾಲೀಕರ ಮೇಲೆ ತೆರಿಗೆ ಬಿತ್ತು. ಬೀದಿ ಗುಡಿಸುವುದು, ಬೀದಿ ಬೆಳಗುವುದು ಎರಡೂ ಒಂದೇ ಬಾಬಿನಲ್ಲಿ. ಎರಡು ವರ್ಷಗಳ ನಂತರ ಆಮ್‌ಸ್ಟರ್‌ಡಾಂ ಇನ್ನೂ ಮುಂದೆ ಹೋಯಿತು. ಚಿತ್ರಕಾರ ಯಾನ್ ಫಾನ್ ಡರ್ ಹೇಡನ್ ಗಾಳಿಗೆ ಆರದ, ಹೊಗೆಯಿಂದ ಗಾಜು ಕಪ್ಪಾಗದ ಎಣ್ಣೆ ದೀಪವೊಂದನ್ನು ರೂಪಿಸಿದ. ಅಷ್ಟಕ್ಕೇ ಸುಮ್ಮನಾಗದೆ ದೀಪಗಳನ್ನು ಎಷ್ಟು ದೂರಕ್ಕೊಂದು ನಿಲ್ಲಿಸಬೇಕು, ಯಾವ ತಿಂಗಳು ಎಷ್ಟು ಹೊತ್ತಿಗೆ ಹಚ್ಚಬೇಕು ಎಂಬುದಕ್ಕೆಲ್ಲ ಪಟ್ಟಿ ಬರೆದಿಟ್ಟ. ನಗರಸಭೆ ಯೋಜನೆಯನ್ನು 1669ರಲ್ಲಿ ಒಪ್ಪಿ, ಅವನನ್ನೇ ಸಂಬಳದ ಮೇಲ್ವಿಚಾರಕನನ್ನಾಗಿ ಮಾಡಿತು. ಎರಡೂವರೆ ಸಾವಿರಕ್ಕೂ ಹೆಚ್ಚು ದೀಪಗಳ ಆ ವ್ಯವಸ್ಥೆ 1840ರವರೆಗೆ ನಡೆಯಿತು. ದೀಪ ನಗರದ್ದು, ಹಚ್ಚುವವರು ನಗರದ ನೌಕರರು, ಎಣ್ಣೆ ನಗರದ ಖಜಾನೆಯದು. ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಗೌರವ ಹುಟ್ಟಿಸುವುದು ಈ ಘಟ್ಟವೇ. ಯಾರನ್ನು ಕೇಳಬೇಕು ಎಂಬುದು ಅಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಲಂಡನ್ ಮಾತ್ರ ಖಾಸಗಿ ದಾರಿ ಹಿಡಿಯಿತು. 1680ರ ದಶಕದಲ್ಲಿ ಎಡ್ವರ್ಡ್ ಹೆಮಿಂಗ್ ಎಂಬಾತ, ಚಳಿಗಾಲದಲ್ಲಿ ಬೆಳದಿಂಗಳಿಲ್ಲದ ರಾತ್ರಿಗಳಲ್ಲಿ ಹತ್ತು ಮನೆಗೊಂದು ದೀಪ ಹಚ್ಚುವ ಏಕಸ್ವಾಮ್ಯ ಪಡೆದ. ಉಳಿದ ರಾತ್ರಿಗಳಲ್ಲಿ ಕತ್ತಲೆಯೇ. ಕೊನೆಗೆ 1736ರಲ್ಲಿ ಸಂಸತ್ತು ಕಾಯ್ದೆ ಮಾಡಿ, ದೀಪಕ್ಕಾಗಿಯೇ ಕರ ಎತ್ತುವ ಅಧಿಕಾರವನ್ನು ಸಿಟಿ ಆಡಳಿತಕ್ಕೆ ಕೊಟ್ಟಿತು. ಆಮೇಲೆಯೇ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ವರ್ಷವಿಡೀ ದೀಪ ಉರಿಯತೊಡಗಿದ್ದು.

ಬೆಳದಿಂಗಳನ್ನು ನೆಚ್ಚಿ ಖರ್ಚು ಉಳಿಸುವ ಚಾಳಿ ಮುಂದೆಯೂ ಬಹಳ ಕಾಲ ಹೋಗಲಿಲ್ಲ. ಅಮೆರಿಕದ ಅನೇಕ ಪಟ್ಟಣಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಪಂಚಾಂಗ ನೋಡಿಕೊಂಡು ದೀಪ ಹಚ್ಚುವ ಗುತ್ತಿಗೆ ಮಾಡಿಕೊಂಡಿದ್ದವು. ಹುಣ್ಣಿಮೆಯ ಆಸುಪಾಸಿನಲ್ಲಿ ದೀಪವಿಲ್ಲ. ಮೋಡ ಕವಿದರೆ ಊರು ಕತ್ತಲೆ, ಆದರೂ ಗುತ್ತಿಗೆಯ ಪ್ರಕಾರ ಎಲ್ಲವೂ ಸರಿ.

1807ರಲ್ಲಿ ಲಂಡನ್ನಿನ ಪಾಲ್‌ಮಾಲ್ ಬೀದಿಯಲ್ಲಿ ಅನಿಲ ದೀಪದ ಪ್ರದರ್ಶನ ನಡೆದ ಮೇಲೆ ಲೆಕ್ಕವೇ ಬದಲಾಯಿತು. ಎಣ್ಣೆ ದೀಪಕ್ಕೆ ಬೇಕಿದ್ದದ್ದು ಎಣ್ಣೆ, ಬತ್ತಿ, ಕೂಲಿ. ಅನಿಲಕ್ಕೆ ಕಾರ್ಖಾನೆ, ನೆಲದಡಿಯ ಕೊಳವೆ, ಭಾರೀ ಬಂಡವಾಳ. ಕಂಪನಿಗಳು ಬಂದವು, ಅವುಗಳ ಜೊತೆಗೆ ದರದ ಜಗಳವೂ ಬಂತು. ಇತ್ತ ಸಣ್ಣ ಊರುಗಳಿಗಾಗಿ ಇಂಗ್ಲೆಂಡಿನಲ್ಲಿ 1833ರ ಲೈಟಿಂಗ್ ಅಂಡ್ ವಾಚಿಂಗ್ ಕಾಯ್ದೆ ಬಂತು. ದೀಪ ಬೇಕೋ ಬೇಡವೋ ಎಂಬುದನ್ನು ಕರದಾತರೇ ಸಭೆ ಸೇರಿ ತೀರ್ಮಾನಿಸಬೇಕಿತ್ತು. ಅದರಲ್ಲೊಂದು ಸೂಕ್ಷ್ಮ ನ್ಯಾಯವಿತ್ತು: ಮನೆ, ಕಟ್ಟಡಗಳ ಮೇಲೆ ಬೀಳುವ ಕರ ಬರೀ ಜಮೀನಿನ ಮೇಲಿನದಕ್ಕಿಂತ ಮೂರು ಪಟ್ಟು. ದೀಪದಿಂದ ಹೊಲಕ್ಕೆ ಆಗುವ ಪ್ರಯೋಜನ ಮನೆಗಾಗುವಷ್ಟಿಲ್ಲ ಎಂಬುದನ್ನು ಕಾಯ್ದೆ ಬರೆದವರು ಮರೆತಿರಲಿಲ್ಲ.

ಬರ್ಮಿಂಗ್‌ಹ್ಯಾಮ್‌ನ ಮೇಯರ್ ಜೋಸೆಫ್ ಚೇಂಬರ್ಲೇನ್ 1875ರಲ್ಲಿ ಸುಮಾರು 20 ಲಕ್ಷ ಪೌಂಡು ಕೊಟ್ಟು ಊರಿನ ಎರಡೂ ಅನಿಲ ಕಂಪನಿಗಳನ್ನು ನಗರಸಭೆಗೆ ಕೊಂಡುಕೊಂಡರು. ಷೇರುದಾರರಿಗೆ ಹೋಗುತ್ತಿದ್ದ ಲಾಭ ಊರಿನ ಕೆಲಸಗಳಿಗೆ ಬಂತು. ದೀಪ ನಷ್ಟದ ಬಾಬೇ ಆಗಬೇಕಿಲ್ಲ ಎಂದು ತೋರಿಸಿದ ಅಪರೂಪದ ಉದಾಹರಣೆ ಇದು.

ವಿದ್ಯುತ್ತಿನ ಆರಂಭ ಅಷ್ಟು ಸಲೀಸಾಗಿರಲಿಲ್ಲ. 1881ರಲ್ಲಿ ಇಂಗ್ಲೆಂಡಿನ ಗೊಡಾಲ್ಮಿಂಗ್ ಎಂಬ ಪುಟ್ಟ ಪಟ್ಟಣ ಅನಿಲ ಕಂಪನಿಯೊಡನೆ ದರ ಹೊಂದದೆ, ವೇ ನದಿಯ ನೀರುಚಕ್ರದಿಂದ ವಿದ್ಯುತ್ ತಯಾರಿಸಿ ಬೀದಿ ಬೆಳಗಿತು. ರಸ್ತೆ ಅಗೆಯಲು ಕಾನೂನಿನ ಅನುಮತಿ ಇರಲಿಲ್ಲವಾದ್ದರಿಂದ ತಂತಿಗಳನ್ನು ಚರಂಡಿಯಲ್ಲೇ ಹಾಸಿದರು. ಜಗತ್ತಿನ ಮೊದಲ ಸಾರ್ವಜನಿಕ ವಿದ್ಯುತ್ ಪೂರೈಕೆ ಎಂದು ಹೆಸರಾದ ಆ ಊರು 1884ರಲ್ಲಿ ಮತ್ತೆ ಅನಿಲ ದೀಪಕ್ಕೆ ಮರಳಿತು. ಖರ್ಚು ಗಿಟ್ಟಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬೀದಿ ದೀಪ ಸ್ಥಳೀಯ ಸಂಸ್ಥೆಯ ಕೆಲಸ ಎಂಬುದು ಬಹುತೇಕ ಎಲ್ಲ ಕಡೆ ರೂಢಿಯಾಯಿತು. ರೂಢಿಯಾದದ್ದೆಲ್ಲ ಕಾನೂನಿನ ಕಟ್ಟುಪಾಡಾಗಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂಗ್ಲೆಂಡಿನ 1980ರ ಹೆದ್ದಾರಿ ಕಾಯ್ದೆ ರಸ್ತೆಗೆ ದೀಪ ಹಾಕುವ ಅಧಿಕಾರವನ್ನು ಕೊಡುತ್ತದೆ, ಹಾಕಲೇಬೇಕೆಂದು ಹೇಳುವುದಿಲ್ಲ. ಭಾರತದ ಸಂವಿಧಾನದ ಹನ್ನೆರಡನೇ ಅನುಸೂಚಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ ಬೀದಿ ದೀಪವನ್ನೂ ಹೆಸರಿಸುತ್ತದೆ. ವಹಿಸುವುದು ರಾಜ್ಯಗಳಿಗೆ ಬಿಟ್ಟದ್ದು. ಹಣ ಸಾಲದೆ ಬಂದಾಗ ಕತ್ತರಿ ಮೊದಲು ಬೀಳುವುದು ಇಂಥ ಸಡಿಲ ಜಾಗಗಳಲ್ಲೇ.

ಖರ್ಚಿನ ಪ್ರಮಾಣವನ್ನು ಒಂದೇ ಕಂಬದಲ್ಲಿ ನೋಡಬಹುದು. ಭೂಮಿಯ ಯಾವ ಮೂಲೆಯಲ್ಲಾದರೂ ವರ್ಷದ ಹತ್ತಿರ ಹತ್ತಿರ ಅರ್ಧದಷ್ಟು ಹೊತ್ತು ಕತ್ತಲೆಯೇ. ದೀಪ ಉರಿಯುವುದು ಅಂದಾಜು 4,000 ಗಂಟೆ. 150 ವಾಟ್‌ನ ಸೋಡಿಯಂ ದೀಪ ಅಷ್ಟು ಹೊತ್ತಿಗೆ 600 ಯೂನಿಟ್ ನುಂಗುತ್ತದೆ. ಅದೇ ಜಾಗದಲ್ಲಿ 60 ವಾಟ್‌ನ ಎಲ್‌ಇಡಿ ಹಾಕಿದರೆ 240 ಯೂನಿಟ್. ಸಾವಿರ ಕಂಬಗಳಿಗೆ ವರ್ಷಕ್ಕೆ 3,60,000 ಯೂನಿಟ್ ಉಳಿತಾಯ. ಇಷ್ಟೊಂದು ಉಳಿಯುವುದಾದರೂ ಒಮ್ಮೆಗೇ ಹೂಡಬೇಕಾದ ಬಂಡವಾಳ ಬಡ ಪಟ್ಟಣದ ಬಳಿ ಇರುವುದಿಲ್ಲ. ಹಳೆಯ ದೀಪದ ದುಬಾರಿ ಬಿಲ್ಲನ್ನೇ ಕಟ್ಟುತ್ತಾ, ಕಟ್ಟಲಾಗದೆ ಬಾಕಿ ಉಳಿಸಿಕೊಳ್ಳುತ್ತದೆ.

ಬಾಕಿ ಬೆಳೆದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಮಿಷಿಗನ್ ರಾಜ್ಯದ ಹೈಲ್ಯಾಂಡ್ ಪಾರ್ಕ್ ಕಂಡಿದೆ. ಫೋರ್ಡ್ ಕಂಪನಿ 1913ರಲ್ಲಿ ಕಾರು ಜೋಡಣೆಯ ಚಲಿಸುವ ಸಾಲನ್ನು ಆರಂಭಿಸಿದ ಊರು ಅದು. ಕಾರ್ಖಾನೆಗಳು ಹೋದವು, ಜನ ಹೋದರು, ತೆರಿಗೆಯೂ ಹೋಯಿತು. ಬೀದಿ ದೀಪದ ಬಾಕಿ ಸುಮಾರು 40 ಲಕ್ಷ ಡಾಲರ್ ಮುಟ್ಟಿದಾಗ, 2011ರಲ್ಲಿ ಸಾವಿರಕ್ಕೂ ಹೆಚ್ಚು ದೀಪಗಳನ್ನು ವಿದ್ಯುತ್ ಕಂಪನಿ ತೆಗೆದುಹಾಕಿತು. ಆರಿಸಿದ್ದಷ್ಟೇ ಆಗಿದ್ದರೆ ಮತ್ತೆ ಹಚ್ಚಬಹುದಿತ್ತು. ಕಂಬಗಳನ್ನೇ ಕಿತ್ತುಕೊಂಡು ಹೋದರು. ಮುಖ್ಯ ರಸ್ತೆ, ಕೂಡುರಸ್ತೆಗಳ ದೀಪ ಉಳಿದವು, ಮನೆಗಳಿರುವ ಬೀದಿಗಳು ಕತ್ತಲಾದವು. ಆ ಬಾಕಿಗೆ ಅಲ್ಲಿ ಉಳಿದಿದ್ದ ಮುದುಕರೂ ಮಕ್ಕಳೂ ಕಾರಣರಲ್ಲ. ಶಿಕ್ಷೆ ಮಾತ್ರ ಅವರಿಗೇ ಆಯಿತು.

ಕೊಲರಾಡೊ ಸ್ಪ್ರಿಂಗ್ಸ್‌ನ ಕಥೆ ಬೇರೆ. 2009ರಲ್ಲಿ ಅಲ್ಲಿನ ಮತದಾರರು ಆಸ್ತಿ ತೆರಿಗೆ ಹೆಚ್ಚಳವನ್ನು ತಿರಸ್ಕರಿಸಿದರು. ಮರುವರ್ಷ ನಗರಾಡಳಿತ ಮೂರನೇ ಒಂದರಷ್ಟು ದೀಪ ಆರಿಸಿ, ಬೇಕಾದವರು ಹಣ ಕಟ್ಟಿ ತಮ್ಮ ಬೀದಿಯ ದೀಪವನ್ನು ದತ್ತು ಪಡೆಯಬಹುದು ಎಂದಿತು. ಕೈಯಲ್ಲಿ ಕಾಸಿದ್ದವರ ಬೀದಿಗೆ ಬೆಳಕು. 1417ರ ಏರ್ಪಾಡೇ ಮರಳಿ ಬಂದಂತಾಯಿತು. ಕರೆಂಟ್ ಇಲ್ಲದ ತಂತಿಗಳನ್ನು ತಾಮ್ರದ ಕಳ್ಳರು ಕತ್ತರಿಸಿಕೊಂಡು ಹೋದದ್ದರಿಂದ ಆರಿಸಿದ್ದಕ್ಕೂ ಖರ್ಚು ಬಂತು.

ಆರಿಸಿದರೆ ಅನಾಹುತ ಖಚಿತವೇ? ಹಾಗೆಂದು ಸಾರಾಸಗಟಾಗಿ ಹೇಳಲಾಗದು. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಸಂಸ್ಥೆಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನಕ್ಕೆ, ದೀಪ ಆರಿಸಿದ್ದರಿಂದಾಗಲಿ ಮಂದಗೊಳಿಸಿದ್ದರಿಂದಾಗಲಿ ಅಪಘಾತ ಅಥವಾ ಅಪರಾಧ ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ನ್ಯೂಯಾರ್ಕಿನ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ಹೆಚ್ಚುವರಿ ದೀಪ ನಿಲ್ಲಿಸಿ ನೋಡಿದಾಗ ರಾತ್ರಿ ಹೊರಗೆ ನಡೆಯುವ ಗಂಭೀರ ಅಪರಾಧಗಳು ಶೇ 36ರಷ್ಟು ಇಳಿದವೆಂದು ಸಂಶೋಧಕರು ಅಂದಾಜಿಸಿದರು. ಎಲ್ಲಿ ದೀಪ ಬೇಕೇ ಬೇಕು, ಎಲ್ಲಿ ನಡುರಾತ್ರಿ ತಗ್ಗಿಸಬಹುದು ಎಂಬುದನ್ನು ಬೀದಿ ಬೀದಿ ನೋಡಿ ನಿರ್ಧರಿಸಬೇಕು. ಅದಕ್ಕೆ ಆ ಬೀದಿಗಳನ್ನು ಬಲ್ಲ ಆಡಳಿತ ಬೇಕು. ಈ ಕೆಲಸ ಸ್ಥಳೀಯ ಸಂಸ್ಥೆಯಲ್ಲೇ ಇರಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು ಇದೇ ಕಾರಣಕ್ಕೆ. ಆದರೆ ಕೆಲಸದ ಜೊತೆಗೆ ಆದಾಯದ ಮೂಲವನ್ನೂ ಕೊಡಬೇಕು. ಹೊಣೆ ಕೆಳಗೆ, ಹಣ ಮೇಲೆ ಎಂಬ ಏರ್ಪಾಡು ಎಂದೂ ಬಾಳುವುದಿಲ್ಲ.

ಡೆಟ್ರಾಯಿಟ್ ಇದನ್ನು ಕಷ್ಟಪಟ್ಟು ಕಲಿಯಿತು. 2013ರಲ್ಲಿ ನಗರ ದಿವಾಳಿ ಅರ್ಜಿ ಸಲ್ಲಿಸುವ ಹೊತ್ತಿಗೆ ಅದರ ಬೀದಿ ದೀಪಗಳಲ್ಲಿ ಶೇ 40ರಷ್ಟು ಉರಿಯುತ್ತಿರಲಿಲ್ಲ. ದೀಪಕ್ಕೆಂದೇ ಪ್ರತ್ಯೇಕ ಪ್ರಾಧಿಕಾರ ರಚಿಸಿ, ವಿದ್ಯುತ್, ಅನಿಲ ಮುಂತಾದ ಸೇವೆಗಳ ಬಳಕೆದಾರರ ಮೇಲಿನ ತೆರಿಗೆಯಲ್ಲಿ ಒಂದು ಪಾಲನ್ನು ಅದಕ್ಕೇ ಮೀಸಲಿಟ್ಟರು. ಆ ಆದಾಯದ ಆಧಾರದ ಮೇಲೆ ಸಾಲ ಎತ್ತಿ, ಸುಮಾರು 18.5 ಕೋಟಿ ಡಾಲರ್ ವೆಚ್ಚದಲ್ಲಿ 65,000 ಎಲ್‌ಇಡಿ ದೀಪ ಹಾಕುವ ಕೆಲಸ 2016ರ ಡಿಸೆಂಬರ್‌ನಲ್ಲಿ ಮುಗಿಯಿತು. 2019ರ ಹೊತ್ತಿಗೆ ಅವುಗಳಲ್ಲಿ ಸುಮಾರು 20,000 ದೀಪಗಳು ಅವಧಿಗೆ ಮೊದಲೇ ಕೆಡುತ್ತಿವೆ ಎಂದು ಗೊತ್ತಾದಾಗ, ಪ್ರಾಧಿಕಾರ ತಯಾರಕರ ಮೇಲೆ ದಾವೆ ಹೂಡಿ, ಕೆಟ್ಟವನ್ನು ಬದಲಿಸುವ ಕೆಲಸವನ್ನೂ ತಾನೇ ಕೈಗೆತ್ತಿಕೊಂಡಿತು.