ಕನ್ನಡದಲ್ಲಿ ಗೇಮ್ ಪಾಠ: ‘ಇಫ್’ ಸಾಲಿನ ಮೊದಲಿಗೆ, ‘ದರೆ’ ಮಾತಿನ ಕೊನೆಗೆ

ಗೇಮ್ ತಯಾರಿಕೆಯ ಪಾಠಗಳನ್ನು ಕನ್ನಡದಲ್ಲಿ ವಿಡಿಯೊ ಮಾಡಲು ಹೊರಟಾಗ ನನ್ನನ್ನು ಮೊದಲು ಕಾಡಿದ್ದು ವಾಕ್ಯದ ಕ್ರಮ. ಪಾರಿಭಾಷಿಕ ಪದಗಳ ತೊಡಕು ಆಮೇಲೆ ಬಂತು. ಮಂಗಳೂರಿನ ನಮ್ಮ ಮನೆಯ ಕೋಣೆಯಲ್ಲಿ ಕುಳಿತು, ಪಾತ್ರವು ನೆಲದ ಮೇಲೆ ನಿಂತಿದ್ದರೆ ಮಾತ್ರ ಜಿಗಿಯಬೇಕು ಎಂಬ ಒಂದೇ ಸಾಲನ್ನು ಟೈಪ್ ಮಾಡುತ್ತಲೇ ವಿವರಿಸಬೇಕಿತ್ತು. ಕೋಡ್‌ನಲ್ಲಿ ‘ಇಫ್’ ಸಾಲಿನ ಮೊದಲಿಗೇ ಬರುತ್ತದೆ. ಕನ್ನಡದಲ್ಲಿ ಅದೇ ಕೆಲಸವನ್ನು ಮಾಡುವ ‘ದರೆ’ ಎಂಬ ಪ್ರತ್ಯಯವು ಷರತ್ತೆಲ್ಲ ಹೇಳಿ ಮುಗಿದ ಮೇಲೆ ಕ್ರಿಯಾಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ. ಕೈ ‘ಇಫ್’ ಒತ್ತುವಾಗ ಬಾಯಿ ‘ಪಾತ್ರವು ನೆಲದ ಮೇಲೆ’ ಎನ್ನುತ್ತಿತ್ತು. ಬಾಯಿ ‘ನಿಂತಿದ್ದರೆ’ ಎನ್ನುವ ಹೊತ್ತಿಗೆ ಕೈ ಮುಂದಿನ ಸಾಲಿಗೆ ಇಳಿದಿರುತ್ತಿತ್ತು. ಮರುದಿನ ರೆಕಾರ್ಡಿಂಗ್ ನೋಡಿದರೆ ಭಾಗವತರ ಪದ ಒಂದು ಕಡೆ, ವೇಷದ ಕುಣಿತ ಇನ್ನೊಂದು ಕಡೆ ಹೋದ ಯಕ್ಷಗಾನದ ಆಟದಂತಿತ್ತು.

ಇಂಗ್ಲಿಷ್ ಪಾಠಗಳಲ್ಲಿ ಟೈಪ್ ಮಾಡುತ್ತಲೇ ಓದಿಬಿಡಬಹುದು, ಏಕೆಂದರೆ ಆ ಸಾಲು ಇಂಗ್ಲಿಷಿನ ವಾಕ್ಯದಂತೆಯೇ ಎಡದಿಂದ ಬಲಕ್ಕೆ ಬಿಚ್ಚಿಕೊಳ್ಳುತ್ತದೆ. ಆ ರೂಢಿಯನ್ನು ಕನ್ನಡಕ್ಕೆ ತಂದರೆ ಮಾತು ಮುರುಟಿ, ‘ಇಫ್ ಪ್ಲೇಯರ್ ಇದ್ದಾನೆ ಆನ್ ಫ್ಲೋರ್ ಅಂದ್ರೆ’ ಎಂಬಂಥ ಕಿಚಡಿ ಹುಟ್ಟುತ್ತದೆ. ಆದ್ದರಿಂದ ಈಗ ನಾನು ಕೀಲಿಮಣೆಯಿಂದ ಕೈ ತೆಗೆದು ಇಡೀ ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳುತ್ತೇನೆ, ಆಮೇಲೆ ಮಾತಿಲ್ಲದೆ ಟೈಪ್ ಮಾಡುತ್ತೇನೆ, ಕೊನೆಗೆ ಹೇಳಿದ ಮಾತಿನ ಯಾವ ತುಂಡು ಸಾಲಿನಲ್ಲಿ ಎಲ್ಲಿ ಕುಳಿತಿದೆ ಎಂದು ಕರ್ಸರ್ ಇಟ್ಟು ತೋರಿಸುತ್ತೇನೆ. ವಿಡಿಯೊ ಒಂದೆರಡು ನಿಮಿಷ ಉದ್ದವಾಗುತ್ತದೆ, ಆಗಲಿ.

ಕೆಲವು ಕಡೆ ಕನ್ನಡದ ಕ್ರಮವೇ ಯಂತ್ರದ ಕ್ರಮಕ್ಕೆ ಹತ್ತಿರವಾಗಿರುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ‘ಪೊಸಿಷನ್ ಪ್ಲಸ್ ಈಕ್ವಲ್ ವೆಲಾಸಿಟಿ ಇಂಟು ಡೆಲ್ಟಾ’ ಎಂಬ ಸಾಲಿನಲ್ಲಿ (ಡೆಲ್ಟಾ ಎಂದರೆ ಪರದೆಯ ಒಂದು ಚಿತ್ರದಿಂದ ಮುಂದಿನ ಚಿತ್ರದವರೆಗೆ ಕಳೆದ ಸಮಯ) ಕಂಪ್ಯೂಟರ್ ಮೊದಲು ಬಲಗಡೆಯ ಗುಣಾಕಾರವನ್ನು ಮುಗಿಸಿ, ಬಂದ ಉತ್ತರವನ್ನು ಆಮೇಲೆ ಎಡಗಡೆಯ ಹೆಸರಿಗೆ ಸೇರಿಸುತ್ತದೆ. ‘ವೇಗವನ್ನು ಡೆಲ್ಟಾದಿಂದ ಗುಣಿಸಿ, ಬಂದದ್ದನ್ನು ಸ್ಥಾನಕ್ಕೆ ಕೂಡಿಸು’ ಎಂಬ ಸಹಜ ಕನ್ನಡ ವಾಕ್ಯವು ನಡೆಯುವುದೂ ಅದೇ ದಾರಿಯಲ್ಲಿ. ಈಕ್ವಲ್ ಚಿಹ್ನೆಯನ್ನು ಗಣಿತದ ಸಮೀಕರಣವೆಂದು ತಿಳಿದು ಗೊಂದಲಗೊಳ್ಳುವ ಹೊಸಬರಿಗೆ ಇಷ್ಟು ಹೇಳಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ.

ಇನ್ನು ಪದಗಳ ವಿಷಯ. ಪರದೆಯ ಮೇಲೆ ಕಾಣುವ ಹೆಸರುಗಳನ್ನು ನಾನು ಅನುವಾದಿಸುವುದಿಲ್ಲ. ನೋಡ್, ಸೀನ್, ಸಿಗ್ನಲ್, ಸ್ಪ್ರೈಟ್ ಇವೆಲ್ಲ ವಿದ್ಯಾರ್ಥಿ ಒತ್ತಬೇಕಾದ ಗುಂಡಿಗಳ ಹೆಸರುಗಳು. ಅವುಗಳಿಗೆ ನಾನು ಎಷ್ಟೇ ಚಂದದ ಕನ್ನಡ ಪದ ಟಂಕಿಸಿದರೂ ಮೆನುವಿನಲ್ಲಿ ಅದನ್ನು ಹುಡುಕುವ ಹುಡುಗನಿಗೆ ಸಿಗುವುದಿಲ್ಲ. ಆದರೆ ಕನ್ನಡ ಮಾಧ್ಯಮದಲ್ಲಿ ಹತ್ತನೆಯವರೆಗೆ ಓದಿದ ವಿದ್ಯಾರ್ಥಿಯ ತಲೆಯಲ್ಲಿ ಜವ, ವೇಗ, ವೇಗೋತ್ಕರ್ಷ, ಗುರುತ್ವ, ಸದಿಶ, ಅದಿಶ ಎಂಬ ಪದಗಳು ವಿಜ್ಞಾನದ ಪಾಠದಿಂದ ಆಗಲೇ ಬಂದು ಕುಳಿತಿರುತ್ತವೆ. ಅವನ್ನು ಬಳಸದೆ ‘ವೆಕ್ಟರ್ ಅಂದರೆ ಒಂದು ಬಾಣ’ ಎಂದು ಮತ್ತೆ ಮೊದಲಿನಿಂದ ಶುರು ಮಾಡುವುದು ಅವನ ಹತ್ತು ವರ್ಷದ ಓದಿಗೆ ಮಾಡುವ ಅವಮಾನವೆಂದೇ ನನ್ನ ಅಭಿಪ್ರಾಯ. ನಾನು ಕಲಿಸುವ, ಗೇಮ್ ತಯಾರಿಸುವ ತಂತ್ರಾಂಶವಾದ ಗೊಡೋ ಎಂಜಿನ್‌ನ ಎರಡು ಆಯಾಮದ ಲೋಕದಲ್ಲಿ ಗುರುತ್ವದ ಮೂಲ ಬೆಲೆ 980 ಎಂದಿರುತ್ತದೆ. ಸೆಕೆಂಡಿನ ವರ್ಗಕ್ಕೆ 9.8 ಮೀಟರ್ ಎಂದು ಬಾಯಿಪಾಠ ಮಾಡಿದವನಿಗೆ, ಇಲ್ಲಿ 100 ಪಿಕ್ಸೆಲನ್ನು ಒಂದು ಮೀಟರ್ ಎಂದುಕೊಂಡರೆ ಅದೇ ಸಂಖ್ಯೆ ಎಂದು ಹೇಳಿದೊಡನೆ ಮುಖ ಅರಳುತ್ತದೆ. ಪರದೆಯಲ್ಲಿ ವೈ ಅಕ್ಷವು ಕೆಳಮುಖವಾಗಿ ಬೆಳೆಯುವುದರಿಂದ ಜಿಗಿತಕ್ಕೆ ಋಣ ಸಂಖ್ಯೆ ಕೊಡಬೇಕು ಎಂಬುದನ್ನು ಮಾತ್ರ ಅವನು ಹೊಸದಾಗಿ ಕಲಿಯಬೇಕು.

ಯಾವ ಊರಿನ ಕನ್ನಡದಲ್ಲಿ ಹೇಳಬೇಕು ಎಂಬ ಪ್ರಶ್ನೆಯೂ ಇದೆ. ನಮ್ಮ ಕರಾವಳಿಯಲ್ಲಿ ಮನೆಯ ಮಾತು ತುಳು, ಕೊಂಕಣಿ, ಬ್ಯಾರಿ ಆಗಿರುವವರು ಕನ್ನಡವನ್ನು ಹೆಚ್ಚಾಗಿ ಶಾಲೆಯಲ್ಲಿ ಕಲಿಯುತ್ತಾರೆ. ಹಾಗಾಗಿ ನಮ್ಮ ಮಾತು ಪುಸ್ತಕದಂತಿದೆ ಎಂದು ಘಟ್ಟದ ಮೇಲಿನವರು ನಗುವುದುಂಟು. ವಿಡಿಯೊ ಪಾಠಕ್ಕೆ ಈ ಪುಸ್ತಕದ ಕನ್ನಡ ಉಪಕಾರಿಯೇ ಆಗಿದೆ. ಬೀದರಿನವರಿಗೂ ಚಾಮರಾಜನಗರದವರಿಗೂ ಅದು ತಿಳಿಯುತ್ತದೆ. ‘ಎಂತ ಮಾರಾಯ್ರೆ’ ಎಂಬುದು ಆಗಾಗ ಬಾಯಿತಪ್ಪಿ ಬಂದರೆ ನಾನು ಕತ್ತರಿಸುವುದಿಲ್ಲ.

ನನ್ನ ಪಾಠಗಳಲ್ಲಿ ಅತ್ಯಂತ ಹೆಚ್ಚು ಬಾರಿ ತಿದ್ದಿ ರೆಕಾರ್ಡ್ ಮಾಡಿದ್ದು ಡೆಲ್ಟಾದ ಪಾಠ. ಫ್ರೇಮ್ ಎಂದರೆ ಪರದೆ ಒಂದು ಸಲಕ್ಕೆ ತೋರಿಸುವ ಚಿತ್ರ. ಡೆಲ್ಟಾ ಎಂದರೆ ಹಿಂದಿನ ಫ್ರೇಮಿನಿಂದ ಈ ಫ್ರೇಮಿನವರೆಗೆ ಕಳೆದ ಸಮಯ, ಸೆಕೆಂಡುಗಳಲ್ಲಿ. ಒಂದು ಫ್ರೇಮಿಗೆ 5 ಪಿಕ್ಸೆಲ್ ಸರಿಸು ಎಂದು ಬರೆದರೆ, ಸೆಕೆಂಡಿಗೆ 60 ಫ್ರೇಮ್ ತೋರಿಸುವ ಕಂಪ್ಯೂಟರಿನಲ್ಲಿ ಪಾತ್ರವು 300 ಪಿಕ್ಸೆಲ್ ಓಡುತ್ತದೆ, 30 ಫ್ರೇಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ 150 ಮಾತ್ರ. ವ್ಯಾಖ್ಯಾನವನ್ನು ಎಷ್ಟು ಸಲ ಹೇಳಿದರೂ ಇದು ಹತ್ತದೆ ಹೋದಾಗ ಉಡುಪಿಯ ಒಂದು ಶಿಬಿರದಲ್ಲಿ ಬೀಡಿಯ ಉದಾಹರಣೆ ಬಾಯಿಗೆ ಬಂತು. ನಮ್ಮ ಜಿಲ್ಲೆಗಳಲ್ಲಿ ಅಮ್ಮ ಅಥವಾ ಅಜ್ಜಿ ಬೀಡಿ ಕಟ್ಟಿದ ಮನೆಗಳು ಸಾಕಷ್ಟಿವೆ. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿಯ ಲೆಕ್ಕ ಮಕ್ಕಳಿಗೆ ಗೊತ್ತು. ಫ್ರೇಮಿನ ಎಣಿಕೆಯ ಮೇಲೆ ಪಾತ್ರವನ್ನು ಓಡಿಸುವುದು ಬೀಡಿಯ ಮಜೂರಿಯಂತೆ: ಕೈ ಚುರುಕಾದವರಿಗೆ ಹೆಚ್ಚು, ನಿಧಾನವಾದವರಿಗೆ ಕಡಿಮೆ. ಡೆಲ್ಟಾದಿಂದ ಗುಣಿಸುವುದು ದಿನಗೂಲಿಯಂತೆ: ಕೈಯ ವೇಗ ಹೇಗೇ ಇರಲಿ, ಕಳೆದ ಹೊತ್ತಿಗೆ ಸಂಬಳ. 300ನ್ನು ಡೆಲ್ಟಾದಿಂದ ಗುಣಿಸಿದರೆ ಚುರುಕು ಯಂತ್ರದಲ್ಲಿ ಫ್ರೇಮಿಗೆ 5 ಪಿಕ್ಸೆಲ್, ನಿಧಾನದ ಯಂತ್ರದಲ್ಲಿ 10 ಪಿಕ್ಸೆಲ್. ಸೆಕೆಂಡಿನ ಕೊನೆಗೆ ಎರಡೂ ಒಂದೇ ಕಡೆ ಬಂದು ನಿಂತಿರುತ್ತವೆ. ಇದರ ಬೆನ್ನಿಗೇ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಗೊಡೋದ ‘ಮೂವ್ ಆ್ಯಂಡ್ ಸ್ಲೈಡ್’ ಎಂಬ ಫಂಕ್ಷನ್ ಈ ಗುಣಾಕಾರವನ್ನು ತಾನೇ ಒಳಗೆ ಮಾಡಿಕೊಳ್ಳುತ್ತದೆ. ಹೊಸ ಉತ್ಸಾಹದಲ್ಲಿ ಅಲ್ಲಿಯೂ ವೇಗವನ್ನು ಡೆಲ್ಟಾದಿಂದ ಗುಣಿಸಿದರೆ ಪಾತ್ರವು ಬಸವನಹುಳುವಾಗುತ್ತದೆ.

ಗೊಡೋದ ನಾಲ್ಕನೆಯ ಆವೃತ್ತಿಯಿಂದ ವೇರಿಯಬಲ್‌ಗಳಿಗೆ, ಎಂದರೆ ಕೋಡ್‌ನಲ್ಲಿ ಬೆಲೆಗಳನ್ನು ಇಟ್ಟುಕೊಳ್ಳುವ ಹೆಸರುಗಳಿಗೆ, ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ದಿನನಿತ್ಯದ ಕೆಲಸಕ್ಕೆ ಇದನ್ನು ನಾನು ಶಿಫಾರಸು ಮಾಡಲಾರೆ. ಸಾಲಿಗೆ ನಾಲ್ಕು ಸಲ ಕೀಲಿಮಣೆಯ ಭಾಷೆ ಬದಲಿಸುವುದು ಬೇಸರದ ಕೆಲಸ. ಆದರೆ ಎರಡನೆಯ ಪಾಠದಲ್ಲಿ ಮಾತ್ರ ‘ವೇಗ’, ‘ಜೀವ’, ‘ಅಂಕ’ ಎಂಬ ಹೆಸರುಗಳನ್ನೇ ಇಟ್ಟು ತೋರಿಸುತ್ತೇನೆ. ಕನ್ನಡದಲ್ಲಿರುವುದೆಲ್ಲ ನಾವು ಇಟ್ಟ ಹೆಸರು, ಇಂಗ್ಲಿಷಿನಲ್ಲಿರುವುದೆಲ್ಲ ಎಂಜಿನ್‌ಗೆ ಸೇರಿದ್ದು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಬಾರದು ಎಂಬ ಹೊಸಬರ ಭಯ ಅಲ್ಲಿಗೆ ಕಡಿಮೆಯಾಗುತ್ತದೆ. ಈ ಅನುಕೂಲ ಇಂಗ್ಲಿಷಿನಲ್ಲಿ ಪಾಠ ಮಾಡುವವರಿಗೆ ಇಲ್ಲ.

ಆವೃತ್ತಿಯ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. 2023ರ ಮಾರ್ಚಿನಲ್ಲಿ ಗೊಡೋ 4.0 ಬಂದಾಗ ಪಾತ್ರವನ್ನು ಓಡಿಸಲು ಬಳಸುವ ‘ಕೈನಮ್ಯಾಟಿಕ್ ಬಾಡಿ’ ಎಂಬ ನೋಡ್ ‘ಕ್ಯಾರಕ್ಟರ್ ಬಾಡಿ’ ಆಯಿತು. ಹಿಂದೆ ಮೂವ್ ಆ್ಯಂಡ್ ಸ್ಲೈಡ್‌ನ ಆವರಣದೊಳಗೆ ಬರೆಯುತ್ತಿದ್ದ ವೇಗವು ಆ ನೋಡ್‌ನ ಸ್ವಂತ ಗುಣವಾಯಿತು. ನನ್ನ ಒಂಬತ್ತು ವಿಡಿಯೊಗಳು ಒಮ್ಮೆಲೇ ಹಳತಾದವು. ಇಂಗ್ಲಿಷಿನಲ್ಲಿ ಒಂದು ಪಾಠ ಹಳತಾದರೆ ಬೇರೊಂದನ್ನು ಹುಡುಕಿಕೊಳ್ಳಬಹುದು. ಕನ್ನಡದಲ್ಲಿ ಆ ವಿಷಯಕ್ಕೆ ಇರುವುದೇ ಒಂದೋ ಎರಡೋ ವಿಡಿಯೊ ಆಗಿರುವುದರಿಂದ ಕಲಿಯುವವನು ತನ್ನದೇ ತಪ್ಪೆಂದು ಕೈಬಿಡುತ್ತಾನೆ. ಈಗ ಆವೃತ್ತಿಯ ಸಂಖ್ಯೆಯನ್ನು ಶೀರ್ಷಿಕೆಯಲ್ಲೂ ಮೊದಲ ವಾಕ್ಯದಲ್ಲೂ ಹೇಳುತ್ತೇನೆ.

ರೆಕಾರ್ಡಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೂನ್, ಜುಲೈ ತಿಂಗಳಲ್ಲಿ ಹೆಂಚಿನ ಮಾಡಿನ ಕೆಳಗೆ ಕುಳಿತು ಧ್ವನಿಮುದ್ರಣ ಮಾಡುವ ಆಸೆಯನ್ನು ಮಂಗಳೂರಿನವರು ಬಿಡಬೇಕು. ನಾನು ಆ ತಿಂಗಳುಗಳಲ್ಲಿ ಪರದೆಯನ್ನು ಮಾತ್ರ ಹಿಡಿದಿಟ್ಟು, ಮಳೆ ಬಿಟ್ಟ ಹೊತ್ತಿನಲ್ಲಿ ಧ್ವನಿಯನ್ನು ಬೇರೆಯಾಗಿ ಸೇರಿಸುತ್ತೇನೆ. ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲ್ ಆದ್ದರಿಂದ ಎಡಿಟರಿನ ಅಕ್ಷರಗಳನ್ನು ನಮಗೆ ಅಸಹ್ಯವೆನಿಸುವಷ್ಟು ದೊಡ್ಡದಾಗಿಸಬೇಕು.

ಅರೇ, ಎಂದರೆ ಹಲವು ಬೆಲೆಗಳನ್ನು ಸಾಲಾಗಿ ಇಡುವ ಪಟ್ಟಿ, ಎಂಬ ಪಾಠಕ್ಕೆ ನಾನು ಚೆನ್ನೆಮಣೆಯನ್ನು ಆರಿಸಿಕೊಂಡಿದ್ದೇನೆ. ಆಟಿ ತಿಂಗಳಿನಲ್ಲಿ ಅಟ್ಟದಿಂದ ಇಳಿಸುವ ಈ ಮಣೆಯಲ್ಲಿ ಎದುರುಬದುರಾಗಿ ಏಳೇಳರಂತೆ 14 ಕುಳಿಗಳಿವೆ. ಒಂದೊಂದಕ್ಕೆ ನಾಲ್ಕು ಕಾಯಿ ಹಾಕಿದರೆ ಒಟ್ಟು 56. ಕೋಡ್‌ನಲ್ಲಿ ಕುಳಿಗಳ ಎಣಿಕೆ ಸೊನ್ನೆಯಿಂದ ಶುರುವಾಗಿ 13ಕ್ಕೆ ಮುಗಿಯುತ್ತದೆ. ಇದೇಕೆ ಹೀಗೆ ಎಂದು ಕೇಳಿದವರಿಗೆ, ನೆಲದ ಅಂತಸ್ತನ್ನು ದಾಟಿದ ಮೇಲಷ್ಟೇ ಒಂದನೆಯ ಮಹಡಿ ಬರುವುದನ್ನು ನೆನಪಿಸುತ್ತೇನೆ. ಕಾಯಿ ಹಂಚುತ್ತ 13ನೆಯ ಕುಳಿಯನ್ನು ದಾಟಿದ ಕೈ ಮತ್ತೆ ಸೊನ್ನೆಗೆ ಬರಬೇಕು. ಕುಳಿಯ ಸಂಖ್ಯೆಗೆ ಒಂದು ಕೂಡಿಸಿ 14ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮುಂದಿನ ಕುಳಿ. ಮಾಡ್ಯುಲೋ ಎಂಬ ಹೆಸರನ್ನು ಹೇಳುವ ಮೊದಲೇ ಈ ಲೆಕ್ಕ ಅರ್ಥವಾಗಿಬಿಟ್ಟಿರುತ್ತದೆ.

ಇದೇ ಆಟವನ್ನು ಮಾಡಿದ ಕಾರ್ಕಳದ ಕಡೆಯ ವಿದ್ಯಾರ್ಥಿನಿಯೊಬ್ಬಳು ‘ನಿಮ್ಮ ಸರದಿ’ ಎಂದು ಪರದೆಯಲ್ಲಿ ಬರೆಸಿದ್ದಳು. ಗೊಡೋದ ಮೂರನೆಯ ಆವೃತ್ತಿಯಲ್ಲಾದರೆ ಒತ್ತಕ್ಷರವು ಕೆಳಗೆ ಕೂರದೆ ಪಕ್ಕದಲ್ಲಿ ಒಡೆದು ನಿಲ್ಲುತ್ತಿತ್ತು. ನಾಲ್ಕರಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರಜೋಡಣೆಯ ವ್ಯವಸ್ಥೆ ಸೇರಿರುವುದರಿಂದ ಅವಳ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಕಂಡಿತು. ಆದರೆ ಬ್ರೌಸರಿನಲ್ಲಿ ಆಡುವಂತೆ ರಫ್ತು ಮಾಡಿ ಫೋನಿನಲ್ಲಿ ತೆರೆದಾಗ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳಿದ್ದವು. ಲ್ಯಾಪ್‌ಟಾಪಿನಲ್ಲಿ ಎಂಜಿನ್ ವಿಂಡೋಸ್‌ನ ಕನ್ನಡ ಫಾಂಟನ್ನು ಸದ್ದಿಲ್ಲದೆ ಎರವಲು ಪಡೆದಿತ್ತು. ಬ್ರೌಸರಿನಲ್ಲಿ ಅಂಥ ಎರವಲು ಸಿಗುವುದಿಲ್ಲ. ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ಮುಕ್ತ ಪರವಾನಗಿಯಲ್ಲಿದೆ, ಆಟದೊಂದಿಗೆ ಸೇರಿಸಿ ಹಂಚಲು ಅಡ್ಡಿಯಿಲ್ಲ. ಅದನ್ನು ಪ್ರಾಜೆಕ್ಟಿನ ಫೋಲ್ಡರಿಗೆ ಹಾಕಿ ಮೂಲ ಫಾಂಟ್ ಎಂದು ಆರಿಸಿದ ಮೇಲೆ ಚೌಕಗಳು ಹೋದವು. ಒಂದನೆಯ ಪಾಠವನ್ನು ಮತ್ತೆ ರೆಕಾರ್ಡ್ ಮಾಡಿದಾಗ ಮೊದಲ ನೋಡ್ ಸೇರಿಸುವುದಕ್ಕೂ ಮುಂಚೆ ಈ ಫಾಂಟ್ ಹಾಕುವ ಹೆಜ್ಜೆಯನ್ನು ಇಟ್ಟಿದ್ದೇನೆ. ಹಿಡಿದದ್ದು ನಲವತ್ತು ಸೆಕೆಂಡು.